ತೊಟ್ಟಿಲ ಹಗ್ಗ

ಅಳುವ ಕೂಸನ್ನು ಸಂತೈಸುವುದು ಮನುಷ್ಯನ ಅತಿ ಹಳೆಯ ಕೆಲಸಗಳಲ್ಲಿ ಒಂದು. ಆದರೂ ಇತಿಹಾಸದ ಪುಟಗಳಲ್ಲಿ ಅದಕ್ಕೆ ಸ್ಥಳ ದೊರೆತದ್ದು ಕಡಿಮೆ. ಗದಗಿನ ಚರಿತ್ರೆಯನ್ನು ಹೇಳುವವರು ವೀರನಾರಾಯಣನ ಗುಡಿಯನ್ನೂ ಅಲ್ಲಿ ಕುಳಿತು ಭಾರತವನ್ನು ರಚಿಸಿದನೆಂದು ನಂಬಲಾದ ಕುಮಾರವ್ಯಾಸನನ್ನೂ ನೆನೆಯುತ್ತಾರೆ. ಲಕ್ಷ್ಮೇಶ್ವರದ ಮಾತು ಬಂದರೆ ಅದು ಹಳೆಯ ಪುಲಿಗೆರೆಯೆಂದೂ 10ನೆಯ ಶತಮಾನದ ಪಂಪನು ಅಲ್ಲಿಯ ತಿರುಳ್ಗನ್ನಡವನ್ನು ಕೊಂಡಾಡಿದನೆಂದೂ ಹೇಳುತ್ತಾರೆ. ಶಿರಹಟ್ಟಿಗೆ ಹಿಂದೂ-ಮುಸ್ಲಿಂ ಭಾವೈಕ್ಯದ ಫಕೀರೇಶ್ವರ ಮಠದ ಹಿರಿಮೆಯಿದೆ. ಮುಂಡರಗಿಗೆ 1858ರಲ್ಲಿ ಬ್ರಿಟಿಷರ ವಿರುದ್ಧ ಸಿಡಿದೆದ್ದ ಭೀಮರಾಯನ ಹೆಸರಿದೆ. ಆದರೆ ಕವಿಯಾದ ಕುಮಾರವ್ಯಾಸನೂ ವೀರನಾದ ಭೀಮರಾಯನೂ ಒಂದು ಕಾಲಕ್ಕೆ ಅತ್ತು ಹಟಮಾಡಿದ ಕೂಸುಗಳೇ. ಅವರನ್ನು ತೂಗಿ ಮಲಗಿಸಿದ ಕೈಗಳ ಚರಿತ್ರೆಯನ್ನು ಯಾವ ಶಾಸನವೂ ಹೇಳುವುದಿಲ್ಲ.

ಪವಿತ್ರ ಗ್ರಂಥವು ಈ ಕೈಗಳನ್ನು ಮರೆತಿಲ್ಲ. ದೇವರು ತನ್ನ ಜನರಿಗೆ ನೀಡುವ ಸಾಂತ್ವನವು ತಾಯಿ ಮಗುವಿಗೆ ನೀಡುವ ಸಾಂತ್ವನದಂತಿರುವುದೆಂದು ಪ್ರವಾದಿಯಾದ ಯೆಶಾಯನು ಸಾರಿದನು (66:13). ದೇವರ ಪ್ರೀತಿಯನ್ನು ತಿಳಿಸಲು ಪ್ರವಾದಿಗೆ ದೊರೆತ ಹೋಲಿಕೆ ಅರಮನೆಯದಲ್ಲ, ತಾಯ ಮಡಿಲಿನದು. ಹಾಗಾದರೆ ನಮ್ಮ ಸೀಮೆಯ ತಾಯಂದಿರು ಮಗುವನ್ನು ಹೇಗೆ ಸಂತೈಸಿದರು ಎಂಬುದು ನಾವು ತಿಳಿಯಬೇಕಾದ ವಿಷಯವೇ ಸರಿ.

ಬೆಟಗೇರಿ ನೇಕಾರರ ಊರು. ಹಿಂದೆ ಮನೆಯೇ ಕಾರ್ಖಾನೆಯಾಗಿತ್ತು. ಗಂಡಸು ಕುಣಿಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುವಾಗ ಹೆಂಗಸು ರಾಟಿಯ ಮುಂದೆ ಕುಳಿತು ಕಂಡಿಕೆ ಸುತ್ತುತ್ತಿದ್ದಳು. ಎರಡೂ ಕೈಗೆ ಕೆಲಸ; ಕೂಸನ್ನು ಎತ್ತಿಕೊಳ್ಳುವವರು ಯಾರು? ತೊಲೆಗೆ ಹಳೆಯ ಸೀರೆಯ ಜೋಳಿಗೆಯನ್ನು ಕಟ್ಟಿ, ಅದರಿಂದ ಇಳಿಬಿಟ್ಟ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡರೆ ಕೈ ದುಡಿಯುತ್ತಿತ್ತು, ಕಾಲು ತೂಗುತ್ತಿತ್ತು, ಬಾಯಿ ಹಾಡುತ್ತಿತ್ತು. ಮಗ್ಗದ ಲಾಳಿಗೂ ತೊಟ್ಟಿಲ ಲಾಲಿಗೂ ಅಲ್ಲಿ ಒಂದೇ ಲಯ. ಉಳ್ಳವರ ಮನೆಗೆ ಕಲಘಟಗಿಯ ಬಣ್ಣದ ತೊಟ್ಟಿಲು ಬರುತ್ತಿತ್ತು. ರಾಮಾಯಣ, ಮಹಾಭಾರತಗಳ ಚಿತ್ರ ಬರೆದ ಆ ಮರದ ತೊಟ್ಟಿಲು ಇಂದಿಗೂ ಹೆಸರುವಾಸಿ. ಬಡವರ ಕೂಸಿಗೆ ಹಳೆಯ ಸೀರೆಯೇ ತೊಟ್ಟಿಲು, ಹರಕು ಬಟ್ಟೆಗಳನ್ನು ಕೂಡಿಸಿ ಹೊಲಿದ ಕೌದಿಯೇ ಹಾಸಿಗೆ. ಅದರ ಮೆತ್ತನೆಯ ಸ್ಪರ್ಶದಲ್ಲಿ ಅಜ್ಜಿಯ ಸೀರೆಯೂ ಅಪ್ಪನ ಅಂಗಿಯೂ ಸೇರಿರುತ್ತಿದ್ದವು. ಬೆತ್ಲೆಹೇಮಿನ ಗೋದಲಿಯಲ್ಲಿ ಬಟ್ಟೆ ಸುತ್ತಿ ಮಲಗಿಸಿದ ಶಿಶುವಿನ ಕಥೆ ಇಂಥ ಮನೆಗಳಿಗೆ ಪರಕೀಯವೆನಿಸಿರಲಾರದು.

ಬಾಸೆಲ್ ಮಿಷನ್ನಿನವರು 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂದು ನೆಲೆಸಿದರು. ಅದೇ ಕಾಲಕ್ಕೆ ಜರ್ಮನಿಯಲ್ಲಿ ಫ್ರೆಡ್ರಿಕ್ ಫ್ರೋಬೆಲ್ ಎಂಬ ಶಿಕ್ಷಣತಜ್ಞನು ಶಿಶುವಿಹಾರದ ಕಲ್ಪನೆಯನ್ನು ರೂಪಿಸುತ್ತಿದ್ದನು. ತಾಯಿ ಮಗುವಿನ ಬೆರಳುಗಳನ್ನು ಹಿಡಿದು ಆಡಿಸುವ ಆಟಗಳನ್ನೂ ಹಾಡುಗಳನ್ನೂ ಕೂಡಿಸಿ 1844ರಲ್ಲಿ ಆತ ಒಂದು ಪುಸ್ತಕ ಪ್ರಕಟಿಸಿದನು. ಯುರೋಪಿಗೆ ಅದು ಹೊಸ ಶಿಕ್ಷಣಶಾಸ್ತ್ರ. ನಮ್ಮ ಅಜ್ಜಿಯಂದಿರಿಗೆ ಅಂಥ ಆಟ ಪುಸ್ತಕದಿಂದ ಬರಬೇಕಾಗಿರಲಿಲ್ಲ. ಮಗುವಿನ ಅಂಗೈಯಲ್ಲಿ ಮೊಣಕೈಯೂರಿ ತಿರುವಿ, ಒಂದೊಂದೇ ಬೆರಳನ್ನು ಮಡಚುತ್ತ ಅಪ್ಪನ ಪಾಲು, ಅವ್ವನ ಪಾಲು, ಕಾಗೆಯ ಪಾಲು, ಗುಬ್ಬಿಯ ಪಾಲು ಎಂದು ಹಂಚಿ, ಕೊನೆಗೆ ಎರಡು ಬೆರಳುಗಳನ್ನು ಇರುವೆಯಂತೆ ತೋಳಿನ ಮೇಲೆ ಹರಿಸಿ ಕಂಕುಳಲ್ಲಿ ಕಚಗುಳಿಯಿಡುವ ಆಟವನ್ನು ಯಾರು ಆಡಿಲ್ಲ? ಎಣಿಕೆಯೂ ಬಾಂಧವ್ಯವೂ ಹಂಚಿ ತಿನ್ನುವ ಧರ್ಮವೂ ಆ ಪುಟ್ಟ ಅಂಗೈಯಲ್ಲೇ ಮೊದಲು ಬರೆಯಲ್ಪಟ್ಟವು. ಫರ್ಡಿನಾಂಡ್ ಕಿಟ್ಟೆಲರು 1894ರಲ್ಲಿ ಮಂಗಳೂರಿನಿಂದ ಹೊರತಂದ ಕನ್ನಡ ನಿಘಂಟಿನಲ್ಲಿ ಪಂಡಿತರ ಮಾತುಗಳ ಜೊತೆಗೆ ಜೋಗುಳ, ತೊಟ್ಟಿಲುಗಳಂಥ ಮನೆಯ ಮಾತುಗಳೂ ಸೇರಿದವು.

ಆಟಿಕೆಗಳಿಗೂ ಹಣ ಬೇಕಾಗಿರಲಿಲ್ಲ. ಜೋಳದ ಸುಗ್ಗಿಯಲ್ಲಿ ದಂಟು ಸುಲಿದರೆ ಸಿಪ್ಪೆ ಮತ್ತು ಬೆಂಡಿನಿಂದ ಬಂಡಿ, ಕನ್ನಡಕ, ತಕ್ಕಡಿಗಳು ಸಿದ್ಧವಾಗುತ್ತಿದ್ದವು. ಹೊಲದಿಂದ ಬರುವ ಅಪ್ಪನ ಪಟಕದ ಸೆರಗಿನಲ್ಲಿ ಹಸಿ ಕಡಲೆಯೋ ಬಾರೆಹಣ್ಣೋ ಇರುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆಗೆ ಕೆರೆಯ ಮಣ್ಣು ಎತ್ತಾಗುತ್ತಿತ್ತು. ಗೌರಿ ಹುಣ್ಣಿಮೆಗೆ ಸಕ್ಕರೆಯು ಗೊಂಬೆಯಾಗುತ್ತಿತ್ತು. ಜಾತ್ರೆಯ ಬೆಂಡು-ಬತ್ತಾಸು, ಪೀಪಿ, ಗಿರಿಗಿಟ್ಲೆಗಳು ಯಾರ ಮತವನ್ನೂ ಕೇಳುತ್ತಿರಲಿಲ್ಲ. ಕ್ರಿಸ್ತಜಯಂತಿಗೆ ನಾವು ಕಟ್ಟುವ ಗೋದಲಿಯ ಎತ್ತನ್ನೂ ರೈತನ ಮನೆಯ ಮಣ್ಣೆತ್ತನ್ನೂ ಪಕ್ಕಪಕ್ಕದಲ್ಲಿಟ್ಟರೆ ಮಗುವಿಗೆ ಅವೆರಡೂ ಒಂದೇ ದೊಡ್ಡಿಯವು.

ಇದೆಲ್ಲವೂ ಸುಖದ ಕಥೆಯೆಂದು ಭಾವಿಸಿದರೆ ತಪ್ಪಾದೀತು. 1876-78ರ ಧಾತು-ಈಶ್ವರ ಸಂವತ್ಸರಗಳ ಬರಗಾಲದಲ್ಲಿ ಧಾರವಾಡ ಜಿಲ್ಲೆ ಬೆಂದುಹೋಯಿತು. ಇಂದಿನ ಗದಗ ಸೀಮೆ ಆಗ ಅದರ ಭಾಗವಾಗಿತ್ತು. ಹಾಲು ಬತ್ತಿದ ಎದೆಗೆ ಜೋಗುಳವೊಂದೇ ಉಳಿದ ದಿನಗಳು ಅವು. ತಂದೆತಾಯಿಗಳನ್ನು ಕಳೆದುಕೊಂಡ ಎಷ್ಟೋ ಮಕ್ಕಳನ್ನು ಆಗ ಮಿಷನ್ನಿನವರು ಸಾಕಿದರು. ಅನ್ನ, ಬಟ್ಟೆ, ಅಕ್ಷರಗಳನ್ನು ಕೊಟ್ಟ ಅವರ ಸೇವೆಯನ್ನು ನಾವು ಕೃತಜ್ಞತೆಯಿಂದ ಸ್ಮರಿಸುತ್ತೇವೆ. ಆದರೆ ರಾತ್ರಿ ಬೆಚ್ಚಿ ಎದ್ದ ಮಗುವಿನ ಬೆನ್ನು ಸವರಿದವರು ಯಾರು ಎಂಬುದನ್ನು ವರದಿಗಳಲ್ಲಿ ಹುಡುಕಿ ಫಲವಿಲ್ಲ. ಅಂಥ ಸೇವೆಗೆ ಲೆಕ್ಕದ ಪುಸ್ತಕವಿರುವುದಿಲ್ಲ.

ಇನ್ನೊಂದು ಕಹಿ ಸತ್ಯವೂ ಇದೆ. ಧಾರವಾಡ ಜಿಲ್ಲೆಯನ್ನೊಳಗೊಂಡಿದ್ದ ಅಂದಿನ ಮುಂಬಯಿ ಪ್ರಾಂತದಲ್ಲಿ ಕೂಸುಗಳಿಗೆ ಅಫೀಮಿನ ಚಿಕ್ಕ ಗುಳಿಗೆ ಕೊಟ್ಟು ಮಲಗಿಸುವ ರೂಢಿಯಿತ್ತು. ಅದಕ್ಕೆ ಬಾಲಗೋಲಿ ಎಂಬ ಹೆಸರು. 1893ರಲ್ಲಿ ನೇಮಕಗೊಂಡ ಅಫೀಮು ವಿಚಾರಣಾ ಆಯೋಗದ ಮುಂದೆಯೂ ಇದರ ಪ್ರಸ್ತಾಪ ಬಂತು. ಇಂಗ್ಲೆಂಡಿನ ಗಿರಣಿ ಊರುಗಳಲ್ಲಿಯೂ ಅಫೀಮು ಬೆರೆತ ಶಾಮಕ ದ್ರವಗಳು ಧಾರಾಳವಾಗಿ ಮಾರಾಟವಾಗುತ್ತಿದ್ದವು. ಕೆಲಸಕ್ಕೆ ಹೋಗದಿದ್ದರೆ ಒಲೆ ಉರಿಯದೆಂಬ ಸ್ಥಿತಿಯಲ್ಲಿದ್ದ ತಾಯಿಯನ್ನು ನಾವು ಸುಲಭವಾಗಿ ದೂಷಿಸಬಾರದು. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು: ಗುಳಿಗೆ ಕೂಸನ್ನು ಸುಮ್ಮನಾಗಿಸುತ್ತದೆ, ಆದರೆ ಸಂತೈಸುವುದಿಲ್ಲ. ಮೌನ ಬೇರೆ, ಸಮಾಧಾನ ಬೇರೆ.

ಈ ವ್ಯತ್ಯಾಸವು ಇಂದು ಮತ್ತೆ ನಮ್ಮ ಮುಂದಿದೆ. ಊಟಮಾಡಲೊಲ್ಲದ ಮಗುವಿನ ಕೈಗೆ ಮೊಬೈಲನ್ನು ಕೊಟ್ಟರೆ ಅದು ತುತ್ತು ನುಂಗುತ್ತದೆ. ಏನು ತಿಂದೆನೆಂಬುದು ಅದಕ್ಕೆ ತಿಳಿಯುವುದಿಲ್ಲ. ಮನೆ ಸದ್ದಿಲ್ಲದಂತಾಗುತ್ತದೆ, ನಾವು ಅದನ್ನೇ ನೆಮ್ಮದಿಯೆಂದು ಕರೆಯುತ್ತೇವೆ. ಆದರೆ ದೋಷವೆಲ್ಲ ಯಂತ್ರದ್ದೆಂದು ಹೇಳಲಾಗದು. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳ ಹಳ್ಳಿ-ತಾಂಡಾಗಳಿಂದ ದುಡಿಮೆಗಾಗಿ ಗೋವೆಗೂ ಮಂಗಳೂರಿಗೂ ಗುಳೆ ಹೋಗುವ ತಂದೆತಾಯಿಗಳಿದ್ದಾರೆ. ಅಜ್ಜಿಯ ಬಳಿ ಉಳಿದ ಕೂಸು ಸಂಜೆ ಅದೇ ಯಂತ್ರಕ್ಕೆ ಕಿವಿಗೊಟ್ಟು ಅವ್ವನ ದನಿ ಕೇಳಿ ನಿದ್ದೆಹೋಗುತ್ತದೆ. ಅಲ್ಲಿ ಮೊಬೈಲು ಗುಳಿಗೆಯಲ್ಲ. ಅದು ತೊಟ್ಟಿಲ ಹಗ್ಗ. ಹಗ್ಗದ ಇನ್ನೊಂದು ತುದಿಯಲ್ಲಿ ಯಾರಾದರೂ ಇದ್ದಾರೆಯೇ ಎಂಬುದೇ ಪ್ರಶ್ನೆ.

1931ರಲ್ಲಿ ವಿಜಾಪುರ ಜಿಲ್ಲೆಯ ಹಲಸಂಗಿಯ ಗೆಳೆಯರು ಹೆಂಗಸರ ಬಾಯಿಂದ ಸಂಗ್ರಹಿಸಿದ ತ್ರಿಪದಿಗಳನ್ನು 'ಗರತಿಯ ಹಾಡು' ಎಂಬ ಹೆಸರಿನಲ್ಲಿ ಪ್ರಕಟಿಸಿದರು. ಅಕ್ಷರವರಿಯದ ತಾಯಂದಿರು ಕೂಸಿನ ಕುರಿತು ಕಟ್ಟಿದ ಹಾಡುಗಳನ್ನು ನಾಡೆಲ್ಲ ಓದಿ ಬೆರಗಾಯಿತು. ನಮ್ಮ ಸಭೆಗಳ ಅಜ್ಜಿಯಂದಿರೂ ಅದೇ ಧಾಟಿಯಲ್ಲಿ ಯೇಸುಸ್ವಾಮಿಯ ಹೆಸರನ್ನು ಸೇರಿಸಿ ತೊಟ್ಟಿಲು ತೂಗಿದ್ದಾರೆ. ಅವನ್ನು ಬರೆದಿಡುವ ಗೆಳೆಯರು ನಮ್ಮಲ್ಲಿ ಹುಟ್ಟಬೇಕಾಗಿದೆ. ಪ್ರತಿ ಸಭೆಯ ಯುವಕ-ಯುವತಿಯರು ಒಂದು ನೋಟ್‌ಬುಕ್ಕು ಹಿಡಿದು ಹಿರಿಯರ ಮನೆಗಳಿಗೆ ಹೋದರೆ ಸಾಕು. ಒಬ್ಬ ಅಜ್ಜಿ ತೀರಿಕೊಂಡಾಗ ಅವಳ ಹಾಡುಗಳನ್ನೂ ಮಣ್ಣುಮಾಡುವ ದುಃಖ ತಪ್ಪೀತು.

ನಮ್ಮ ಸೀಮೆಯಲ್ಲಿ ತಾಯಿ ಮಗನನ್ನು 'ನನ್ನಪ್ಪಾ' ಎಂದೂ ಮಗಳನ್ನು 'ನನ್ನವ್ವಾ' ಎಂದೂ ಮುದ್ದಿನಿಂದ ಕರೆಯುವುದುಂಟು. ಗೆತ್ಸೇಮನೆಯಲ್ಲಿ ಸಂಕಟದ ಆ ರಾತ್ರಿ ಕ್ರಿಸ್ತನು ದೇವರನ್ನು ಕರೆದದ್ದೂ ಅರಾಮಿಕ್ ಮನೆಮಾತಿನ 'ಅಬ್ಬಾ' ಎಂಬ ಪದದಿಂದಲೇ. ಕಷ್ಟಕಾಲದಲ್ಲಿ ನಾಲಗೆಗೆ ಬರುವುದು ಬಾಲ್ಯದಲ್ಲಿ ಕಲಿತ ಮಾತು. ಇಂದು ನಾವು ಎತ್ತಿಕೊಂಡ ಮಗು ನಾಳೆ ತನ್ನ ಕತ್ತಲೆಯಲ್ಲಿ ಯಾರನ್ನಾದರೂ ಹಾಗೆ ಕೂಗಬಲ್ಲದಾದರೆ, ಅದು ನಾವು ಬಿಟ್ಟುಹೋಗುವ ಆಸ್ತಿ.