ತಂತಿಯಲ್ಲಿ ಬಂದ ದುಃಖ

ದೇವರಾಯನದುರ್ಗದ ಬುಡದ ಹಳ್ಳಿಗಳಿಗೆ ಇಂಗ್ಲಿಷ್ ಹೇಗೆ ಬಂತು ಅಂತ ಕೇಳಿದರೆ ಎಲ್ಲರೂ ಶಾಲೆಯ ಕಡೆ ಕೈ ತೋರಿಸುತ್ತಾರೆ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಹೇಳಿಯೇ ನಿವೃತ್ತನಾದ ನಾನು ಹಾಗನ್ನುವುದಿಲ್ಲ. ಸುಖದುಃಖದ ಇಂಗ್ಲಿಷ್ ನಮ್ಮಲ್ಲಿಗೆ ಬಂದದ್ದು ಅಂಚೆಯವನ ಸೈಕಲ್ಲಿನ ಮೇಲೆ.

ನಮ್ಮಪ್ಪ ಊರ್ಡಿಗೆರೆ ಕಡೆ ಪ್ರೈಮರಿ ಶಾಲೆಯ ಮೇಷ್ಟ್ರು. ತುಮಕೂರಿನಿಂದ ತಂತಿ ಬಂತೆಂದರೆ ಅದನ್ನು ಓದಿಸಲು ಜನ ನಮ್ಮ ಜಗಲಿಗೆ ಬರುತ್ತಿದ್ದರು. ಬರುವ ಹೊತ್ತಿಗೇ ಹೆಂಗಸರ ಅಳು ಶುರುವಾಗಿರುತ್ತಿತ್ತು. ಒಳಗೇನಿದೆ ಅನ್ನೋದು ಆಮೇಲಿನ ಮಾತು. ತಂತಿ ಅಂದರೆ ಸಾವು ಅಂತಲೇ ಲೆಕ್ಕ. ಅಪ್ಪ ಕಾಗದ ಬಿಡಿಸಿ, ಮೊದಲು ತಾವೊಬ್ಬರೇ ಓದಿಕೊಂಡು, ಕನ್ನಡಕ ತೆಗೆದು, ಆಮೇಲೆ ಕನ್ನಡದಲ್ಲಿ ಹೇಳೋರು. ‘ಮದರ್ ಸೀರಿಯಸ್ ಸ್ಟಾರ್ಟ್ ಇಮಿಡಿಯೆಟ್ಲಿ’. ಈ ನಾಲ್ಕು ಪದ ನಮ್ಮ ಸೀಮೆಯಲ್ಲಿ ಅಕ್ಷರ ಬಾರದವರಿಗೂ ಬಾಯಿಪಾಠ. ಸೀರಿಯಸ್ ಅಂದರೆ ತಾಯಿ ಆಗಲೇ ಹೋಗಿದ್ದಾಳೆ, ದಾರಿಯಲ್ಲಿ ಎದೆ ಒಡೆಯದಿರಲಿ ಅಂತ ಹೀಗೆ ಬರೆಸಿದ್ದಾರೆ ಅನ್ನೋದೂ ಎಲ್ಲರಿಗೂ ಗೊತ್ತು. ಯಾವ ನಿಘಂಟೂ ಕೊಡದ ಆ ಅರ್ಥವನ್ನು ಜನ ತಾವೇ ಕಲಿತಿದ್ದರು.

ಭಾರತದಲ್ಲಿ ತಂತಿ ಸಾರ್ವಜನಿಕರಿಗೆ ಸಿಕ್ಕಿದ್ದು 1855ರಲ್ಲಿ. ಪದಕ್ಕಿಷ್ಟು ಅಂತ ದುಡ್ಡು. ಹಾಗಾಗಿ ಅಳುವಿಗೆ, ಹಂಬಲಕ್ಕೆ ಅಲ್ಲಿ ಜಾಗವಿರಲಿಲ್ಲ. ಸಂತೋಷಕ್ಕಾದರೆ ಇನ್ನೂ ಸುಲಭದ ವ್ಯವಸ್ಥೆ: ದೀಪಾವಳಿಗೊಂದು, ಮದುವೆಗೊಂದು, ಮಗು ಹುಟ್ಟಿದ್ದಕ್ಕೊಂದು ಸಿದ್ಧ ವಾಕ್ಯವಿದ್ದ ಪಟ್ಟಿಯನ್ನು ಅಂಚೆ ಕಚೇರಿಯ ಗೋಡೆಗೆ ತಗುಲಿಹಾಕಿರುತ್ತಿದ್ದರು. ಬೇಕಾದ ವಾಕ್ಯದ ನಂಬರ್ ಬರೆದುಕೊಟ್ಟರೆ ಸಾಕು, ಆ ಕಡೆ ಪೂರ್ತಿ ಹಾರೈಕೆ ತಲುಪುತ್ತಿತ್ತು. ಮದುವೆ ಮನೆಗಳಲ್ಲಿ ಊಟಕ್ಕೆ ಮುಂಚೆ ಇವನ್ನು ಗಟ್ಟಿಯಾಗಿ ಓದೋರು. ಎಲ್ಲ ತಂತಿಯಲ್ಲೂ ಒಂದೇ ವಾಕ್ಯ, ಕಳಿಸಿದವರ ಹೆಸರು ಮಾತ್ರ ಬೇರೆ. ಆದರೂ ಬೀಗರು ಪ್ರತಿಯೊಂದಕ್ಕೂ ತಲೆಯಾಡಿಸೋರು. ನಂಬರ್ ಹಾಕಿ ಕಳಿಸಿದ ಸಂತೋಷ ಕಮ್ಮಿಯದು ಅಂತ ಆಗ ಯಾರಿಗೂ ಅನಿಸಿರಲಿಲ್ಲ, ನನಗೆ ಈಗಲೂ ಅನಿಸುವುದಿಲ್ಲ. 2013ರ ಜುಲೈನಲ್ಲಿ ತಂತಿ ನಿಂತೇಹೋಯಿತು.

ಇದಕ್ಕೆಲ್ಲ ಬಹಳ ಹಿಂದೆ, ಪಕ್ಕದ ಗುಬ್ಬಿಯಲ್ಲಿ ಪಾಠ ಉಲ್ಟಾ ನಡೆದಿತ್ತು. 1830ರ ದಶಕದ ಕೊನೆಗೆ ವೆಸ್ಲಿಯನ್ ಮಿಷನ್ನಿನವರು ಅಲ್ಲಿ ಠಾಣ್ಯ ಹೂಡಿದರು. ಇಪ್ಪತ್ತರ ಹರೆಯದ ವಿಲಿಯಂ ಆರ್ಥರ್ 1839ರಲ್ಲಿ ಬಂದು ಕನ್ನಡ ಕಲಿತ. ಕಣ್ಣಿನ ತೊಂದರೆಯಿಂದ 1841ರಲ್ಲಿ ವಾಪಸಾಗಿ, 1847ರಲ್ಲಿ ಮೈಸೂರು ಸೀಮೆಯ ಅನುಭವವನ್ನು ಪುಸ್ತಕ ಮಾಡಿದ. ಅವನ ಹಿರಿಯ ಥಾಮಸ್ ಹಾಡ್ಸನ್ 1859ರಲ್ಲಿ ಕನ್ನಡ ವ್ಯಾಕರಣವೊಂದನ್ನೇ ಬರೆದರು. ವಿಲಿಯಂ ರೀವ್ ಮಾಡಿದ್ದ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ತಿದ್ದಿ 1858ರಲ್ಲಿ ಹೊರತಂದದ್ದೂ ಇದೇ ಕಾಲದಲ್ಲಿ. ಪಾಪ, ಪಶ್ಚಾತ್ತಾಪ, ಕರುಣೆ ಅಂತ ಬೋಧಿಸಬೇಕಾದವರಿಗೆ ಸಂತೆ ವ್ಯವಹಾರದ ಕನ್ನಡ ಸಾಲುವುದಿಲ್ಲ ನೋಡಿ. ಎದುರಿನವನ ಎದೆಯೊಳಗಿನ ಮಾತು ಬೇಕು. ಆ ಪರಂಗಿಯವರು ನಮ್ಮ ಭಾಷೆಯನ್ನು ಒಳಗಿನಿಂದ ಹೊರಕ್ಕೆ ಕಲಿತರು. ನಾವು ಅವರದನ್ನು ಹೊರಗಿನಿಂದಲೇ ಕಲಿತೆವು.

ಹೊರಗಿನಿಂದ ಅಂದರೆ ಅರ್ಜಿಯಿಂದ. ‘ಐ ಬೆಗ್ ಟು ಸ್ಟೇಟ್’ ಅಂತ ಶುರುಮಾಡಿ, ವಿಧೇಯ ಸೇವಕನೆಂದು ಮುಗಿಸುವ ರಜಾ ಚೀಟಿ. ಆಮೇಲೆ ಬಂದದ್ದು ರಚನಾ ಪದ್ಧತಿ. ಬೆಂಗಳೂರಿನಲ್ಲಿ 1963ರಲ್ಲಿ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ ಶುರುವಾದ ಮೇಲೆ ಮೇಷ್ಟ್ರುಗಳಿಗೆಲ್ಲ ತರಬೇತಿ. ಬಾಗಿಲು ತೆಗೆಯುತ್ತಾ ‘ಐ ಆಮ್ ಓಪನಿಂಗ್ ದ ಡೋರ್’, ಮುಚ್ಚುತ್ತಾ ‘ಐ ಆಮ್ ಕ್ಲೋಸಿಂಗ್ ದ ಡೋರ್’. ನಾನೂ ಹಾಗೇ ಬಾಗಿಲು ಸವೆಸಿದವನು. ಒಳ್ಳೆಯ ಪದ್ಧತಿಯೇ, ಹುಡುಗರ ನಾಲಿಗೆ ತಿರುಗಿತು. ಆದರೆ ಬೇಸರವನ್ನು ಅಭಿನಯಿಸಿ ತೋರಿಸೋದು ಹೇಗೆ? ಕೋಪ, ನಾಚಿಕೆ, ಸಂಕಟ ಬಂದಾಗಲೇ ನಮ್ಮ ಹುಡುಗರು ಮುಗ್ಗರಿಸುತ್ತಿದ್ದದ್ದು. ಒಬ್ಬ ಬರೆದಿದ್ದ: ‘ಟು ಮೀ ಆಂಗರ್ ಕೇಮ್’. ನಾನು ಕೆಂಪು ಶಾಯಿ ಎಳೆದೆ, ನಿಯಮವೇ ಹಾಗೆ. ಅವನ ತರ್ಕ ಮಾತ್ರ ಸರಿಯಾಗಿಯೇ ಇತ್ತು. ಕನ್ನಡದಲ್ಲಿ ಕೋಪ ನಮಗೆ ಬರುತ್ತದೆ, ಇದ್ದು ಹೋಗುತ್ತದೆ. ಇಂಗ್ಲಿಷಿನಲ್ಲಿ ನಾನೇ ಕೋಪಿಷ್ಠನಾಗಿ ನಿಲ್ಲಬೇಕು.

ನುಡಿಗಟ್ಟುಗಳ ಪಾಡು ಇನ್ನೊಂದು. ಪರೀಕ್ಷೆಯ ಭಯಕ್ಕೆ ಇಂಗ್ಲಿಷರು ಹೊಟ್ಟೆಯಲ್ಲಿ ಚಿಟ್ಟೆ ಹಾರಿತು ಅನ್ನುತ್ತಾರೆ ಅಂತ ಹೇಳಿದರೆ ತರಗತಿಯೆಲ್ಲ ನಗು. ನಮ್ಮಲ್ಲಿ ಹುಣಸೇಹಣ್ಣು ಕಿವುಚಿದಂಗಾಗುತ್ತದೆ ಸಾರ್, ಚಿಟ್ಟೆ ಹಾರಿದರೆ ಕಚಗುಳಿಯಲ್ಲವಾ ಅಂದಳು ಒಬ್ಬಳು. ತೋಟದ ಅಂಚಿಗೆಲ್ಲ ಹುಣಸೆಮರವಿರುವ ತುಮಕೂರು ಸೀಮೆಯವಳು. ಅವಳ ಭಯಕ್ಕೆ ಹುಳಿಯೇ ಸರಿ.

ಹಾಗಾದರೆ ಇಂಗ್ಲಿಷಿನ ಒಳದನಿ ನಮಗೆ ಕೇಳಿಸಿದ್ದು ಎಲ್ಲಿ? ನನ್ನ ಮಟ್ಟಿಗೆ ಕನ್ನಡದಲ್ಲಿ. ನಮ್ಮ ಜಿಲ್ಲೆಯ ಸಂಪಿಗೆಯಲ್ಲಿ 1884ರಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜಾ ಕಾಲೇಜಿನ ಇಂಗ್ಲಿಷ್ ಮೇಷ್ಟ್ರು. 1920ರ ದಶಕದಲ್ಲಿ ಅವರ ‘ಇಂಗ್ಲಿಷ್ ಗೀತಗಳು’ ಕನ್ನಡ ಕಾವ್ಯದ ದಾರಿಯನ್ನೇ ತಿರುಗಿಸಿತು. ಅದರಲ್ಲಿ ‘ದುಃಖಸೇತು’ ಅಂತ ಒಂದಿದೆ. ನದಿಗೆ ಬಿದ್ದು ಸತ್ತ ಲಂಡನ್ನಿನ ಹೆಣ್ಣೊಬ್ಬಳ ಮೇಲೆ ಥಾಮಸ್ ಹುಡ್ 1844ರಲ್ಲಿ ಬರೆದ ಕವಿತೆಯ ಕನ್ನಡ ರೂಪ. ಹುಡ್‌ನ ಇಂಗ್ಲಿಷನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಟಿಪ್ಪಣಿ ಬರೆದಿದ್ದೆ, ಅಂಕವೂ ಬಂದಿತ್ತು. ಆದರೆ ಗಂಟಲು ಕಟ್ಟಿದ್ದು ಶ್ರೀಕಂಠಯ್ಯನವರದನ್ನು ಓದಿದಾಗ. ಹೆಣ್ಣುಮಕ್ಕಳು ಬಾವಿಗೆ ಬಿದ್ದ ಸುದ್ದಿ ಕೇಳಿಯೇ ಬೆಳೆದ ನಮಗೆ ಆ ಸೇತುವೆ ದೂರದ್ದೇನೂ ಆಗಿರಲಿಲ್ಲ. ಆಮೇಲೆ ಹುಡ್‌ನ ಹತ್ತಿರ ಮರಳಿ ಹೋದರೆ ಅವನ ಇಂಗ್ಲಿಷೂ ಮೆತ್ತಗಾಗಿತ್ತು. ಮುಂದೆ ಪಾಠ ಹೇಳುವಾಗ ನಾನು ಇದೇ ಕ್ರಮ ಇಟ್ಟುಕೊಂಡೆ: ಮೊದಲು ಕನ್ನಡದಲ್ಲಿ ಹೇಳಿಸೋದು, ಆಮೇಲೆ ಇಂಗ್ಲಿಷ್. ತಪಾಸಣೆಗೆ ಬಂದವರಿಗೆ ಇದು ಹಿಡಿಸುತ್ತಿರಲಿಲ್ಲ.

ಈಗ 2019ರಿಂದ ಸರ್ಕಾರಿ ಶಾಲೆಗಳಲ್ಲೇ ಒಂದನೇ ತರಗತಿಯಿಂದ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ಶುರುವಾಗಿವೆ. ರಜೆಯ ದಿನ ದುರ್ಗದ ಬುಡದ ನಾಮದ ಚಿಲುಮೆಗೆ ಬೈಕಿನಲ್ಲಿ ಬರುವ ಹುಡುಗ ಹುಡುಗಿಯರ ಮಾತಿಗೆ ನಾನು ಕಿವಿಕೊಡುತ್ತೇನೆ, ಮೇಷ್ಟ್ರ ಚಟ. ‘ಫುಲ್ ಅಪ್ಸೆಟ್ ಆಗಿದೀನಿ ಕಣೋ’ ಅನ್ನುತ್ತಾಳೆ ಒಬ್ಬಳು. ಆ ಇಂಗ್ಲಿಷಿನ ‘ನಾನು’ ಕನ್ನಡದೊಳಕ್ಕೇ ಬಂದು ಕೂತಿದೆ. ಆದರೆ ಮರುಗಳಿಗೆಗೇ ಮನೆಯಿಂದ ಫೋನ್ ಬಂದರೆ ಅದೇ ಹುಡುಗಿ ‘ನಂಗೆ ಟೆನ್ಷನ್ ಆಗ್ತಿದೆ’ ಅಂತಾಳೆ. ಟೆನ್ಷನ್ ಮಾತ್ರ ಇನ್ನೂ ಹೊರಗಿಂದ ಬಂದು ಅವಳಿಗೆ ಆಗುತ್ತದೆ. ಅಪ್ಸೆಟ್ಟಿಗೊಂದು ನ್ಯಾಯ, ಟೆನ್ಷನ್ನಿಗೊಂದು ನ್ಯಾಯ ಯಾಕೆ ಅಂತ ಅವಳನ್ನೇ ಕೇಳಬೇಕೆಂದುಕೊಳ್ಳುತ್ತೇನೆ. ಆದರೆ ಪರೀಕ್ಷೆ ಮುಗಿಸಿ ಬಂದವರಿಗೆ ಮತ್ತೆ ವ್ಯಾಕರಣದ ಪ್ರಶ್ನೆ ಹಾಕುವ ಧೈರ್ಯ ಸಾಲದೆ ಚಿಲುಮೆಯ ನೀರು ಕುಡಿದು ಬಸ್ಸು ಹತ್ತುತ್ತೇನೆ.