ಎದುರಾಳಿಯನ್ನೂ ಕಾಯುವ ನಿಯಮಗಳು: ಹುಡುಗಿಯರ ಲಕ್ರಾಸ್ ಆಟದ ಕಥೆ

ಆಟದ ನಿಯಮ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ತೀರ್ಪುಗಾರರ ಸೀಟಿ ಮತ್ತು ಶಿಕ್ಷೆ. ಕ್ರೀಡಾ ಮನೋಭಾವ ಎಂದಾಗ ನೆನಪಾಗುವುದು ಪಂದ್ಯ ಮುಗಿದ ಮೇಲಿನ ಹಸ್ತಲಾಘವ. ಒಂದು ಬಲವಂತದ್ದು, ಇನ್ನೊಂದು ಸೌಜನ್ಯದ್ದು ಎಂದು ನಾವು ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಬಿಟ್ಟಿದ್ದೇವೆ. ಈ ವಿಂಗಡಣೆ ಸರಿಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮ್ಮ ಶಾಲೆಗಳಲ್ಲಿ ಅಷ್ಟಾಗಿ ಕಾಣದ ಒಂದು ಆಟದ ಇತಿಹಾಸವನ್ನು ನೋಡೋಣ. ಅದು ಲಕ್ರಾಸ್. ಅದರಲ್ಲಿಯೂ ಮುಖ್ಯವಾಗಿ ಅಮೆರಿಕದ ಶಾಲಾ ಬಾಲಕಿಯರು ಆಡುವ ಲಕ್ರಾಸ್.

ಮೊದಲು ಆಟದ ಪರಿಚಯ. ಸುಮಾರು ಒಂದು ಮೀಟರ್ ಉದ್ದದ ಕೋಲು, ಅದರ ತುದಿಯಲ್ಲಿ ದಾರದಿಂದ ಹೆಣೆದ ಚಿಕ್ಕ ಬಲೆ. ಆ ಬಲೆಯಲ್ಲಿ ರಬ್ಬರ್ ಚೆಂಡನ್ನು ಹಿಡಿದು, ಓಡಿ, ಎಸೆದು, ಎದುರು ತಂಡದ ಗೋಲಿಗೆ ಸೇರಿಸಬೇಕು. ಹಾಕಿಯಲ್ಲಿ ಚೆಂಡು ಬಹುಪಾಲು ನೆಲದ ಮೇಲಿದ್ದರೆ ಇಲ್ಲಿ ಅದು ಬಹುಪಾಲು ಗಾಳಿಯಲ್ಲಿರುತ್ತದೆ. ಓಡುವಾಗ ಚೆಂಡು ಬೀಳದಿರಲು ಕೋಲನ್ನು ತೊಟ್ಟಿಲಿನಂತೆ ತೂಗುತ್ತಿರಬೇಕು. ಈ ಕೌಶಲಕ್ಕೆ ಇಂಗ್ಲಿಷಿನಲ್ಲಿ ಇಟ್ಟಿರುವ ಹೆಸರೂ ತೊಟ್ಟಿಲಿನಿಂದಲೇ ಬಂದದ್ದು. ಎದುರಾಳಿಯ ಕೋಲನ್ನು ನಮ್ಮ ಕೋಲಿನಿಂದ ತಟ್ಟಿ ಚೆಂಡನ್ನು ಬೀಳಿಸುವುದಕ್ಕೆ ‘ಚೆಕ್’ ಎನ್ನುತ್ತಾರೆ. ಅಮೆರಿಕದ ಶಾಲೆಗಳಲ್ಲಿ ಒಂದು ತಂಡಕ್ಕೆ ಗೋಲಿಯೂ ಸೇರಿ 12 ಆಟಗಾರ್ತಿಯರು.

ಈ ಆಟ ಹುಟ್ಟಿದ್ದು ಉತ್ತರ ಅಮೆರಿಕದ ಮೂಲನಿವಾಸಿಗಳಲ್ಲಿ. ಮೋಹಾಕ್, ಒನೈಡಾ, ಒನಂಡಾಗಾ, ಕಯೂಗಾ, ಸೆನೆಕಾ ಮತ್ತು ಟಸ್ಕರೋರಾ ಎಂಬ ಆರು ಜನಾಂಗಗಳ ಕೂಟವಾದ ಹಾಡೆನೊಶೋನಿಗಳಿಗೆ ಇದು ಸೃಷ್ಟಿಕರ್ತನು ಕೊಟ್ಟ ಆಟ, ರೋಗಿಗಳ ಗುಣಕ್ಕಾಗಿಯೂ ಆಡುವ ಆಟ. ಹ್ಯೂರಾನ್ ಜನರ ನಡುವೆ ಇದ್ದ ಫ್ರೆಂಚ್ ಪಾದ್ರಿ ಜಾನ್ ದ ಬ್ರೆಬಫ್ 1630ರ ದಶಕದಲ್ಲಿ ಇದರ ಬಗ್ಗೆ ಬರೆದಿದ್ದಾನೆ. ‘ಲಕ್ರಾಸ್’ ಎಂಬ ಹೆಸರು ಫ್ರೆಂಚರು ಕೊಟ್ಟದ್ದು.

ಮುಂದೆ ಕೆನಡಾದ ಮಾಂಟ್ರಿಯಲ್ ನಗರದ ಬಿಳಿಯರು ಈ ಆಟವನ್ನು ಕಲಿತರು. ಅಲ್ಲಿಯ ದಂತವೈದ್ಯ ವಿಲಿಯಂ ಜಾರ್ಜ್ ಬೀರ್ಸ್ 1860ರ ದಶಕದಲ್ಲಿ ಲಿಖಿತ ನಿಯಮಗಳನ್ನು ರೂಪಿಸಿದ. ಆಟಗಾರರ ಸಂಖ್ಯೆ, ಚೆಂಡು, ಗೋಲು ಎಲ್ಲಕ್ಕೂ ಒಂದು ಕ್ರಮ ಬಂತು. ಆದರೆ 1880ರಲ್ಲಿ ಕೆನಡಾದ ಲಕ್ರಾಸ್ ಸಂಘ ಮೂಲನಿವಾಸಿಗಳನ್ನೇ ಚಾಂಪಿಯನ್‌ಷಿಪ್ ಪಂದ್ಯಗಳಿಂದ ಹೊರಗಿಟ್ಟಿತು. ಆಟ ಕಲಿಸಿದವರಿಗೇ ಬಾಗಿಲು ಮುಚ್ಚಿತು! ಇದೂ ಒಂದು ನಿಯಮವೇ ಎಂಬುದನ್ನು ನಾವು ಮರೆಯಬಾರದು. ಪುಸ್ತಕದಲ್ಲಿ ಅಚ್ಚಾದ ಮಾತ್ರಕ್ಕೆ ಯಾವ ನಿಯಮವೂ ನ್ಯಾಯವಾಗುವುದಿಲ್ಲ. ಅದು ಯಾರನ್ನು ಕಾಯುತ್ತದೆ, ಯಾರನ್ನು ದೂರ ಇಡುತ್ತದೆ ಎಂದು ಕೇಳಲೇಬೇಕಾಗುತ್ತದೆ.

ಹೆಣ್ಣುಮಕ್ಕಳ ಕೈಗೆ ಈ ಕೋಲು ಬಂದದ್ದು ಸ್ಕಾಟ್ಲೆಂಡಿನಲ್ಲಿ. ಸೇಂಟ್ ಆಂಡ್ರ್ಯೂಸ್ ಪಟ್ಟಣದ ಸೇಂಟ್ ಲಿಯೊನಾರ್ಡ್ಸ್ ಬಾಲಕಿಯರ ಶಾಲೆಯ ಮೊದಲ ಮುಖ್ಯೋಪಾಧ್ಯಾಯಿನಿ ಲೂಯಿಸಾ ಲಮ್ಸ್‌ಡೆನ್ 1884ರಲ್ಲಿ ಅಮೆರಿಕ ಪ್ರವಾಸ ಮಾಡಿದಾಗ ಮೂಲನಿವಾಸಿಗಳ ತಂಡ ಆಡಿದ ಪಂದ್ಯವೊಂದನ್ನು ಕಂಡು ಮನಸೋತರು. ಅವರ ಮೆಚ್ಚುಗೆಯ ಫಲವಾಗಿ 1890ರಲ್ಲಿ ಆ ಶಾಲೆಯ ಹುಡುಗಿಯರು ತಮ್ಮ ಮೊದಲ ಪಂದ್ಯ ಆಡಿದರು. ಹೆಣ್ಣುಮಕ್ಕಳು ಬಯಲಿನಲ್ಲಿ ಓಡುವುದೇ ಅವರ ಆರೋಗ್ಯಕ್ಕೆ ಹಾನಿ ಎಂದು ಅನೇಕರು ನಂಬಿದ್ದ ಕಾಲ ಅದು. ಆದ್ದರಿಂದ ಆ ಹುಡುಗಿಯರಿಗೆ ಆಟವೆಂದರೆ ವಿನೋದ ಮಾತ್ರವಾಗಿರಲಿಲ್ಲ, ಅದೊಂದು ಹಕ್ಕಿನ ಸ್ಥಾಪನೆಯೂ ಆಗಿತ್ತು.

ಅದೇ ಶಾಲೆಯಲ್ಲಿ ಓದಿದ ರೋಸಬೆಲ್ ಸಿಂಕ್ಲೇರ್ 1926ರಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಬ್ರಿನ್ ಮಾರ್ ಶಾಲೆಯಲ್ಲಿ ಬಾಲಕಿಯರ ತಂಡ ಕಟ್ಟಿದರು. 1931ರಲ್ಲಿ ಅಮೆರಿಕದ ಮಹಿಳಾ ಲಕ್ರಾಸ್ ಸಂಘ ಸ್ಥಾಪನೆಯಾಯಿತು. ಮಹಿಳೆಯರ ಆಟ ಪುರುಷರ ಆಟದ ನಕಲಾಗಬಾರದು ಎಂಬುದು ಸಿಂಕ್ಲೇರ್ ಅವರ ದೃಢ ನಿಲುವು. 1992ರಲ್ಲಿ ಅಮೆರಿಕದ ರಾಷ್ಟ್ರೀಯ ಲಕ್ರಾಸ್ ಗೌರವ ಮಂದಿರಕ್ಕೆ ಸೇರಿದ ಮೊದಲ ಮಹಿಳೆ ಅವರೇ.

1930ರ ದಶಕದ ಮಧ್ಯಭಾಗದವರೆಗೆ ಪುರುಷರ ಮತ್ತು ಮಹಿಳೆಯರ ನಿಯಮಗಳು ಬಹುಮಟ್ಟಿಗೆ ಒಂದೇ ಆಗಿದ್ದವು. ಅನಂತರ ದಾರಿ ಕವಲೊಡೆಯಿತು. ಪುರುಷರ ಆಟದಲ್ಲಿ ಮೈಗೆ ಮೈ ತಾಗಿಸಿ ತಡೆಯುವುದಕ್ಕೆ ಅವಕಾಶ ಬೆಳೆಯಿತು, ಅದರ ಜೊತೆಗೆ ಹೆಲ್ಮೆಟ್, ಕೈಗವಸು, ಭುಜರಕ್ಷೆಗಳೂ ಬಂದವು. ಮಹಿಳೆಯರ ಆಟ ಬೇರೆ ಉತ್ತರ ಹುಡುಕಿತು. ಗಟ್ಟಿ ಚೆಂಡು, ಬೀಸುವ ಕೋಲು, ವೇಗದ ಓಟ ಇವೆಲ್ಲ ಇರುವಲ್ಲಿ ಪೆಟ್ಟು ತಪ್ಪಿಸುವುದು ಹೇಗೆ? ಪುರುಷರ ಉತ್ತರ ಕವಚ. ಮಹಿಳೆಯರ ಉತ್ತರ ಸಂಯಮ. ಮೈ ತಾಗಿಸುವಂತಿಲ್ಲ, ಕೋಲನ್ನು ಹತೋಟಿಯಲ್ಲಿಡದೆ ಬೀಸುವಂತಿಲ್ಲ. ಎದುರಾಳಿಯ ದೇಹವನ್ನು ಕಾಯುವ ಹೊಣೆ ಅವಳು ತೊಟ್ಟ ಕವಚದ್ದಲ್ಲ, ನನ್ನ ಕೈಯದ್ದು. ಇದೇ ಆ ಆಟದ ತಳಹದಿಯಾಯಿತು.

ಈ ತಳಹದಿಯ ಮೇಲೆ ನಿಂತ ಎರಡು ನಿಯಮಗಳನ್ನು ಗಮನಿಸಿ. ಒಂದು, ಪ್ರತಿ ಆಟಗಾರ್ತಿಯ ತಲೆಯ ಸುತ್ತ ಸುಮಾರು 18 ಸೆಂಟಿಮೀಟರ್ ದೂರದ ಒಂದು ಕಾಲ್ಪನಿಕ ಗೋಳವಿದೆ. ಅದರೊಳಗೆ ಎದುರಾಳಿಯ ಕೋಲು ನುಗ್ಗಿದರೆ ತಪ್ಪು. ತಲೆಗೆ ಪೆಟ್ಟು ಬೀಳಬೇಕೆಂದಿಲ್ಲ, ಬೀಳಬಹುದಾದಷ್ಟು ಹತ್ತಿರ ಬಂದರೇ ಸಾಕು. ಈ ಗೋಳ ಯಾರ ಕಣ್ಣಿಗೂ ಕಾಣುವುದಿಲ್ಲ. ಅದನ್ನು ಆಟಗಾರ್ತಿಯೇ ಮನಸ್ಸಿನಲ್ಲಿ ಬರೆದುಕೊಂಡು ಓಡಬೇಕು.

ಎರಡನೆಯದು ಇನ್ನೂ ಸ್ವಾರಸ್ಯಕರ. ಗೋಲಿಗೆ ಎಸೆಯಲು ಸಿದ್ಧಳಾದವಳಿಗೂ ಗೋಲಿಗೂ ನಡುವಿನ ದಾರಿಯಲ್ಲಿ, ಯಾವ ಎದುರಾಳಿಯನ್ನೂ ಹತ್ತಿರದಿಂದ ಕಾಯದೆ, ಸುಮ್ಮನೆ ಅಡ್ಡ ನಿಲ್ಲುವಂತಿಲ್ಲ. ನಿಂತರೆ ತಪ್ಪು ಅವಳದೇ. ಅಪಾಯಕ್ಕೆ ಸಿಕ್ಕವಳಿಗೇ ಶಿಕ್ಷೆಯೇ ಎಂದು ನಿಮಗೆ ಆಶ್ಚರ್ಯವಾಗಬಹುದು. ವಿಜ್ಞಾನದ ವಿದ್ಯಾರ್ಥಿಯಾಗಿದ್ದ ನನಗೆ ಇದರ ಲೆಕ್ಕ ಮಾಡಿ ನೋಡಬೇಕೆನಿಸಿತು. ಚೆಂಡಿನ ತೂಕ ಸುಮಾರು 145 ಗ್ರಾಂ, ಹೆಚ್ಚುಕಡಿಮೆ ಮಹಿಳಾ ಕ್ರಿಕೆಟ್ಟಿನ ಚೆಂಡಿನಷ್ಟು. ಅದು ಸೆಕೆಂಡಿಗೆ 20 ಮೀಟರ್ ವೇಗದಲ್ಲಿ ಹೊರಟಿತು ಎನ್ನೋಣ. ನಾಲ್ಕು ಮೀಟರ್ ದೂರದಲ್ಲಿ ನಿಂತವಳನ್ನು ತಲುಪಲು ಅದಕ್ಕೆ ಬೇಕಾದದ್ದು ಸೆಕೆಂಡಿನ ಐದನೆಯ ಒಂದು ಭಾಗ. ಕಣ್ಣು ಕಂಡದ್ದಕ್ಕೆ ಕೈ ಅಲುಗಾಡಲು ಮನುಷ್ಯನಿಗೆ ಸುಮಾರು ಅಷ್ಟೇ ಸಮಯ ಬೇಕು. ಅಂದರೆ ತಪ್ಪಿಸಿಕೊಳ್ಳುವ ಯೋಚನೆ ಕೈಕಾಲಿಗೆ ಇಳಿಯುವ ಮೊದಲೇ ಚೆಂಡು ಬಂದುಬಿಟ್ಟಿರುತ್ತದೆ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ ಎಂದು ನೀವು ಪಾಠದಲ್ಲಿ ಓದಿದ್ದೀರಿ. ವೇಗ ಒಂದೂವರೆ ಪಟ್ಟಾದರೆ ಪೆಟ್ಟಿನ ಶಕ್ತಿ ಎರಡೂಕಾಲು ಪಟ್ಟು. ಹಾಗೆಂದು ಎಸೆಯುವವಳಿಗೆ ಪೂರ್ಣ ಸ್ವಾತಂತ್ರ್ಯವಿಲ್ಲ. ಅಪಾಯಕರವಾಗಿ ಎಸೆದರೆ ಅವಳ ಗೋಲೂ ಲೆಕ್ಕಕ್ಕೆ ಬರುವುದಿಲ್ಲ. ಇಬ್ಬರೂ ಇಬ್ಬರನ್ನೂ ಕಾಯಬೇಕು.

ಬಹುಕಾಲ ಈ ಆಟದಲ್ಲಿ ಮೈದಾನಕ್ಕೆ ನಿಶ್ಚಿತ ಗಡಿಗೆರೆಗಳೂ ಇರಲಿಲ್ಲ. ಸೀಟಿ ಕೇಳಿದೊಡನೆ ಎಲ್ಲರೂ ಇದ್ದಲ್ಲೇ ಕಂಬದಂತೆ ನಿಲ್ಲಬೇಕಿತ್ತು. ಎರಡು ಹೆಜ್ಜೆ ಮುಂದೆ ಜಾರಿದರೆ ಲಾಭವಿತ್ತು. ಆದರೂ ನಿಂತಲ್ಲೇ ನಿಲ್ಲುವುದು ಆಟದ ಮರ್ಯಾದೆಯಾಗಿತ್ತು. ಕಾಲ ಬದಲಾಯಿತು. ಈ ಶತಮಾನದ ಮೊದಲ ದಶಕದಲ್ಲಿ ಅಮೆರಿಕದಲ್ಲಿ ಗಡಿಗೆರೆಗಳು ಬಂದವು. 2018ರಿಂದ ಅಲ್ಲಿಯ ಕಾಲೇಜು ಪಂದ್ಯಗಳಲ್ಲಿ ಸೀಟಿಯ ನಂತರವೂ ಚಲಿಸಲು ಅನುಮತಿ ದೊರೆಯಿತು. ಆಟ ಚುರುಕಾಯಿತು, ತೀರ್ಪುಗಾರರ ಕೆಲಸ ಸುಲಭವಾಯಿತು. ಆದರೆ ಹಿಂದೆ ಆಟಗಾರ್ತಿಯ ಮನಸ್ಸಿಗೆ ಬಿಟ್ಟಿದ್ದ ಒಂದು ಸಣ್ಣ ಪರೀಕ್ಷೆ ಅಲ್ಲಿಗೆ ಮುಗಿಯಿತು.

ಈಗ ಎಳೆಯ ವಯಸ್ಸಿನ ಹುಡುಗಿಯರ ವಿಚಾರ. ಅಮೆರಿಕದ ಲಕ್ರಾಸ್ ಸಂಸ್ಥೆ ರೂಪಿಸಿದ ನಿಯಮಗಳಲ್ಲಿ ಕೌಶಲಕ್ಕೆ ಮೆಟ್ಟಿಲುಗಳಿವೆ. ತೀರ ಚಿಕ್ಕವರಿಗೆ ಚೆಕ್ ಸಂಪೂರ್ಣ ನಿಷಿದ್ಧ. ಮುಂದಿನ ವಯಸ್ಸಿನವರು ಭುಜದ ಮಟ್ಟಕ್ಕಿಂತ ಕೆಳಗಿರುವ ಕೋಲನ್ನು ಮಾತ್ರ, ದೇಹದಿಂದ ದೂರಕ್ಕೆ ತಟ್ಟಬಹುದು. ಪೂರ್ಣ ಚೆಕ್‌ಗೆ ಇನ್ನೂ ದೊಡ್ಡವರಾಗಬೇಕು. ಇಲ್ಲಿ ಒಂದು ತೊಡಕಿದೆ. ಕೋಲು ತಟ್ಟುವಂತಿಲ್ಲವೆಂದರೆ ಚೆಂಡು ಸಿಕ್ಕವಳು ಅದನ್ನು ಬಿಟ್ಟುಕೊಡುವುದೇ ಇಲ್ಲವಲ್ಲ? ಅದಕ್ಕೂ ಪರಿಹಾರವಿದೆ. ಎದುರಾಳಿ ಸರಿಯಾದ ಜಾಗದಲ್ಲಿ ನಿಂತಿದ್ದು, ಚೆಕ್‌ಗೆ ಅವಕಾಶವಿದ್ದಿದ್ದರೆ ಖಂಡಿತ ತಟ್ಟಬಹುದಿತ್ತು ಎಂಬ ಸ್ಥಿತಿಯಲ್ಲಿ ತೀರ್ಪುಗಾರರು ಮೂರು ಸೆಕೆಂಡು ಎಣಿಸುತ್ತಾರೆ. ಅಷ್ಟರಲ್ಲಿ ಬಿಡಿಸಿಕೊಳ್ಳದಿದ್ದರೆ ಚೆಂಡು ಎದುರು ತಂಡಕ್ಕೆ. ಅಂದರೆ ಪೆಟ್ಟು ಕೊಡದೆ ನಿಂತವಳ ಜಾಣ್ಮೆಗೂ ಪ್ರತಿಫಲ ಸಿಗುತ್ತದೆ.

ಇನ್ನೊಂದು ನಿಯಮ ನನಗೆ ಬಹಳ ಪ್ರಿಯ. ಪ್ರತಿ ಗೋಲಿನ ನಂತರ ಮೈದಾನದ ನಡುವೆ ಇಬ್ಬರು ಆಟಗಾರ್ತಿಯರು ಕೋಲಿಗೆ ಕೋಲು ಒತ್ತಿ, ನಡುವೆ ಇಟ್ಟ ಚೆಂಡಿಗಾಗಿ ಸೆಣಸುತ್ತಾರೆ. ಎಳೆಯರ ಪಂದ್ಯದಲ್ಲಿ ಒಂದು ತಂಡ ನಾಲ್ಕು ಅಥವಾ ಹೆಚ್ಚು ಗೋಲುಗಳಿಂದ ಹಿಂದೆ ಬಿದ್ದರೆ, ಈ ಸೆಣಸಾಟವಿಲ್ಲದೆಯೇ ಆ ತಂಡಕ್ಕೆ ಚೆಂಡು ಕೊಡಲು ಅವಕಾಶವಿದೆ. ಗೋಲು ಯಾರೂ ದಾನ ಕೊಡುವುದಿಲ್ಲ, ಅದನ್ನು ಆಡಿಯೇ ಗಳಿಸಬೇಕು. ಸಿಗುವುದು ಆಡುವ ಅವಕಾಶ ಮಾತ್ರ. ಸೋಲುತ್ತಿರುವ ಮಕ್ಕಳೂ ಕಲಿಯಲೆಂದೇ ಬಂದವರು ಎಂಬ ಮಾತನ್ನು ಈ ನಿಯಮ ಉಪದೇಶವಿಲ್ಲದೆ ಹೇಳುತ್ತದೆ.

ಆದರೆ ಸಂಯಮವೊಂದೇ ಸಾಕೇ? ಈ ಪ್ರಶ್ನೆ ಅಲ್ಲಿ ದೊಡ್ಡ ವಿವಾದವಾಯಿತು. ಎಷ್ಟೇ ಎಚ್ಚರವಿದ್ದರೂ ಚೆಂಡು ಜಾರುತ್ತದೆ, ಕೋಲು ತಪ್ಪುತ್ತದೆ, ಕಣ್ಣಿಗೆ ಏಟು ಬೀಳುತ್ತದೆ. ಕಣ್ಣಿನ ರಕ್ಷಣೆಗೆ ಕನ್ನಡಕ ಬೇಕೆಂದು ಕೆಲವರು ವಾದಿಸಿದರು. ರಕ್ಷಣೆ ಹೆಚ್ಚಿದಂತೆ ಒರಟುತನವೂ ಹೆಚ್ಚುತ್ತದೆ, ಹೆಲ್ಮೆಟ್ ತೊಟ್ಟವನು ನಿರ್ಭಯವಾಗಿ ನುಗ್ಗುತ್ತಾನೆ ಎಂದು ಇನ್ನು ಕೆಲವರು ಹೆದರಿದರು. ಕೊನೆಗೆ 2005ರಿಂದ ಅಮೆರಿಕದಲ್ಲಿ ರಕ್ಷಣಾ ಕನ್ನಡಕ ಕಡ್ಡಾಯವಾಯಿತು. ಪ್ರೌಢಶಾಲಾ ಬಾಲಕಿಯರ ಕಣ್ಣಿನ ಗಾಯಗಳು ಆನಂತರ ಗಣನೀಯವಾಗಿ ಇಳಿದವು ಎಂದು ಅಧ್ಯಯನಗಳು ತೋರಿಸಿದವು. ತಲೆಗೆ ಮೆತ್ತನೆಯ ಶಿರಸ್ತ್ರಾಣ ಬೇಕೇ ಎಂಬ ಚರ್ಚೆಯಲ್ಲಿಯೂ ಇದೇ ಭಯ ಕೇಳಿಬಂತು. ಫ್ಲಾರಿಡಾ ರಾಜ್ಯ 2015ರಲ್ಲಿ ತನ್ನ ಪ್ರೌಢಶಾಲೆಗಳಲ್ಲಿ ಅದನ್ನು ಕಡ್ಡಾಯ ಮಾಡಿತು. ಆಮೇಲೆ ನಡೆದ ಹೋಲಿಕೆಯಲ್ಲಿ, ಕಡ್ಡಾಯವಿಲ್ಲದ ರಾಜ್ಯಗಳಲ್ಲಿಯೇ ಮಿದುಳಿಗೆ ಆಘಾತವಾದ ಪ್ರಮಾಣ ಹೆಚ್ಚೆಂದು ಕಂಡುಬಂತು. ಸಂಪ್ರದಾಯದ ಮೇಲಿನ ಅಭಿಮಾನ ಒಳ್ಳೆಯದೇ. ಆದರೆ ಒಂದು ಹುಡುಗಿಯ ಕಣ್ಣು ಅದಕ್ಕೆ ತೆರುವ ಬೆಲೆಯಾಗಬಾರದು. ಇಂತಹಲ್ಲಿ ಅಭಿಪ್ರಾಯಕ್ಕಿಂತ ಅಂಕಿ ಅಂಶ ಮುಂದೆ ನಡೆಯಬೇಕು.

ಲಕ್ರಾಸ್ ಈಗ ಮತ್ತೆ ಜಗತ್ತಿನ ಕಣ್ಣಿಗೆ ಬಿದ್ದಿದೆ. 1904 ಮತ್ತು 1908ರ ಒಲಿಂಪಿಕ್ಸ್‌ನಲ್ಲಿ ಪುರುಷರು ಮಾತ್ರ ಪದಕಕ್ಕಾಗಿ ಆಡಿದ್ದರು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಪುರುಷರ ಮತ್ತು ಮಹಿಳೆಯರ ಆರು ಜನರ ತಂಡಗಳ ಲಕ್ರಾಸನ್ನು ಸೇರಿಸುವ ತೀರ್ಮಾನ 2023ರ ಅಕ್ಟೋಬರ್‌ನಲ್ಲಿ ನಮ್ಮ ಮುಂಬಯಿಯಲ್ಲಿಯೇ ಆಯಿತು. ಕ್ರಿಕೆಟ್ಟಿಗೆ ಸ್ಥಾನ ದೊರೆತದ್ದೂ ಅದೇ ಸಭೆಯಲ್ಲಿ. ಆದರೆ ಆಟದ ಮೂಲ ಒಡೆಯರಾದ ಹಾಡೆನೊಶೋನಿಗಳ ಪ್ರಶ್ನೆ ಮತ್ತೆ ಎದುರಾಗಿದೆ. ಅವರ ಮಹಿಳಾ ತಂಡ 2009ರ ವಿಶ್ವಕಪ್‌ನಲ್ಲಿ ಸ್ವಂತ ಹೆಸರಿನಲ್ಲಿ ಆಡಿತ್ತು. ಒಲಿಂಪಿಕ್ಸ್‌ಗೆ ಮಾತ್ರ ರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಮೂಲಕವೇ ಬರಬೇಕೆಂಬ ನಿಯಮ ಅವರಿಗೆ ಅಡ್ಡ ನಿಂತಿದೆ. ಇಂತಹ ಅಡ್ಡಿ ಅವರಿಗೆ ಹೊಸದಲ್ಲ. 2022ರ ವಿಶ್ವ ಕ್ರೀಡಾಕೂಟದಿಂದ ಅವರ ಪುರುಷರ ತಂಡ ಮೊದಲು ಹೊರಗುಳಿದಿತ್ತು. ಆಗ ಐರ್ಲೆಂಡ್ ತಂಡ ತನ್ನ ಸ್ಥಾನವನ್ನೇ ತೆರವು ಮಾಡಿ ಅವರಿಗೆ ದಾರಿ ಬಿಟ್ಟಿತು. ಯಾವ ನಿಯಮ ಪುಸ್ತಕವೂ ಐರ್ಲೆಂಡಿನಿಂದ ಅದನ್ನು ಕೇಳಿರಲಿಲ್ಲ.

ದೂರದರ್ಶನದಲ್ಲಿ ಕೆಲಸ ಮಾಡುವ ನನಗೆ ಒಂದು ಮಾತು ಚೆನ್ನಾಗಿ ಗೊತ್ತು. ಕ್ಯಾಮೆರಾ ಯಾವಾಗಲೂ ಚೆಂಡಿನ ಹಿಂದೆಯೇ ಓಡುತ್ತದೆ. ಚೆಂಡಿಲ್ಲದ ಕಡೆ ಯಾರು ಯಾರ ಕಾಲಿಗೆ ಅಡ್ಡ ಬಂದರು, ಬಿದ್ದವಳನ್ನು ಯಾರು ಎಬ್ಬಿಸಿದರು ಎಂಬುದು ಚೌಕಟ್ಟಿನಾಚೆ ಉಳಿದುಬಿಡುತ್ತದೆ. ತೀರ್ಪುಗಾರರ ಕಣ್ಣಿಗೂ ಅಂತಹದೇ ಮಿತಿಯಿದೆ. ಒಳ್ಳೆಯ ನಿಯಮ ಆ ಚೌಕಟ್ಟನ್ನು ಸಾಧ್ಯವಾದಷ್ಟು ಹಿಗ್ಗಿಸುತ್ತದೆ, ಅನುಭವದಿಂದ ತನ್ನನ್ನು ತಿದ್ದಿಕೊಳ್ಳುತ್ತದೆ. ಅದರಾಚೆ ಇರುವುದು ಕೋಲು ಹಿಡಿದ ಹುಡುಗಿಯ ಹೊಣೆ. ತಲೆಯ ಸುತ್ತಲಿನ ಆ ಕಾಣದ ಗೋಳವನ್ನು ಗೌರವಿಸಲು ಕಲಿತವಳಿಗೆ, ನಿಯಮ ಮತ್ತು ಕ್ರೀಡಾ ಮನೋಭಾವ ಎರಡು ಬೇರೆ ಪಾಠಗಳೆಂದು ಅನಿಸಲಾರದು. ನಾಳೆ ನೀವು ಕಬಡ್ಡಿ, ಖೋ ಖೋ, ಹಾಕಿ ಯಾವ ಆಟಕ್ಕೆ ಇಳಿದರೂ, ಅದರ ಒಂದೊಂದು ನಿಯಮವೂ ಯಾರನ್ನು ಕಾಯುತ್ತಿದೆ ಎಂದು ಕೇಳಿ ನೋಡಿ.