ಅಣ್ಣನ ಗಿಟಾರಿಗೆ ಒಂದೇ ಪಿಕಪ್

ಅಣ್ಣ ಹೋಗಿ ಈ ಮಳೆಗಾಲಕ್ಕೆ ಮೂರು ವರ್ಷ. ಅಟ್ಟದಲ್ಲಿದ್ದ ಅವನ ಎಲೆಕ್ಟ್ರಿಕ್ ಗಿಟಾರನ್ನು ಮೊನ್ನೆ ಅವನ ಮಗಳು ಕೆಳಗಿಳಿಸಿದಳು. ಮಣಿಪಾಲದಲ್ಲಿ ಓದುವ ಹುಡುಗಿ. "ಅತ್ತೆ, ಇದ್ರಗೆ ಒಂದೇ ಪಿಕಪ್ ಇಪ್ದ್. ಉಡ್ಪಿಯಗೆ ಕೇಂಡೆ, ಮರ ಕೊರ್ದ್ ಇನ್ನೊಂದ್ ಹಾಕಿ ಕೊಡ್ತ್ರಂಬ್ರ್" ಅಂದಳು. ಕೊರೆಯೋದು ಅಂದದ್ದೇ ನಂಗೆ ಹೊಟ್ಟೆಯೊಳಗೆ ಎಂತದೋ ಆಯ್ತು. "ಒಂದ್ ವಾರ ತಡಿ ಮಗಾ" ಅಂದೆ. ಆ ವಾರ ಓದಿದ್ದು, ಅಣ್ಣ ಹಿಂದೆ ಹೇಳ್ತಿದ್ದದ್ದು, ಎರಡನ್ನೂ ಸೇರಿಸಿ ಇಲ್ಲಿ ಬರೀತೇನೆ.

ಪಿಕಪ್ ಅಂದ್ರೆ ಅಯಸ್ಕಾಂತಕ್ಕೆ ಕೂದಲಿನಷ್ಟು ಸಪೂರದ ತಾಮ್ರದ ತಂತಿಯನ್ನು ಸಾವಿರಾರು ಸುತ್ತು ಸುತ್ತಿದ್ದು. ಅದರ ಮೇಲೆ ಉಕ್ಕಿನ ತಂತಿ ನಡುಗಿದರೆ ಒಳಗೆ ಸಣ್ಣ ಕರೆಂಟ್ ಹುಟ್ಟುತ್ತದೆ, ಆಂಪ್ಲಿಫೈಯರ್ ಅದನ್ನು ದೊಡ್ಡ ಸ್ವರ ಮಾಡುತ್ತದೆ.

ಅಮೆರಿಕದ ವಾದ್ಯಮೇಳಗಳಲ್ಲಿ ಊದುವ ವಾದ್ಯಗಳ ಗದ್ದಲಕ್ಕೆ ಗಿಟಾರ್ ಕೇಳ್ತಲೇ ಇರಲಿಲ್ಲವಂತೆ. ಅದಕ್ಕೆ 1931ರಲ್ಲಿ ಜಾರ್ಜ್ ಬೀಚಮ್ ಪಿಕಪ್ ಇಟ್ಟ ಗಿಟಾರ್ ಮಾಡಿದ, ಮರುವರ್ಷ ರಿಕನ್‌ಬ್ಯಾಕರ್ ಜೊತೆಗೆ ಮಾರಾಟಕ್ಕೂ ಬಿಟ್ಟ. ತೊಡೆ ಮೇಲಿಟ್ಟು ನುಡಿಸುವ ಹವಾಯಿಯನ್ ಗಿಟಾರ್ ಅದು. ಅಲ್ಯೂಮಿನಿಯಮ್ಮಿನ ಉರುಟು ಮೈ, ಉದ್ದ ಕುತ್ತಿಗೆ. ಜನ ಫ್ರೈಯಿಂಗ್ ಪ್ಯಾನ್ ಅಂತ ಹೆಸರಿಟ್ಟರು, ನಮ್ಮಲ್ಲಾದರೆ ಹಿಡಿ ಇರುವ ಕಾವಲಿ ಅಂತಿದ್ದರೇನೋ. ಅದಕ್ಕಿದ್ದದ್ದೂ ಒಂದೇ ಪಿಕಪ್.

1936ರ ಗಿಬ್ಸನ್ ಇಎಸ್-150ಕ್ಕೆ ಪಿಕಪ್ ಕುತ್ತಿಗೆಯ ಹತ್ತಿರ. ಚಾರ್ಲಿ ಕ್ರಿಶ್ಚಿಯನ್ 1939ರಲ್ಲಿ ಬೆನ್ನಿ ಗುಡ್‌ಮನ್‌ನ ಮೇಳಕ್ಕೆ ಸೇರಿ, ಇಂಥ ಗಿಟಾರಿನಲ್ಲಿ ಸ್ಯಾಕ್ಸೋಫೋನಿನವರಂತೆ ಒಂದೊಂದೇ ಸ್ವರ ಬಿಡಿಸಿ ನುಡಿಸಿದ. 1950ರ ಫೆಂಡರ್ ಎಸ್ಕ್ವೈರಿಗೆ ಒಂದೇ ಪಿಕಪ್ ಬ್ರಿಡ್ಜಿನ ಹತ್ತಿರ. 1954ರ ಗಿಬ್ಸನ್ ಲೆಸ್ ಪಾಲ್ ಜೂನಿಯರ್ ಕಲಿಯುವವರಿಗೆಂದು ಕಮ್ಮಿ ಕ್ರಯಕ್ಕೆ ಮಾಡಿದ್ದು. ಅದನ್ನೇ ಮುಂದೆ ಮೌಂಟನ್ ಬ್ಯಾಂಡಿನ ಲೆಸ್ಲಿ ವೆಸ್ಟ್ ದೊಡ್ಡ ವೇದಿಕೆಗೆ ಹತ್ತಿಸಿದ.

ಕುತ್ತಿಗೆ ಹತ್ತಿರದ ಪಿಕಪ್ಪಿಗೆ ಗುಂಡಗಿನ ಸ್ವರ, ಬ್ರಿಡ್ಜಿನ ಹತ್ತಿರದ್ದಕ್ಕೆ ಚೂಪು. ಎರಡಿದ್ದರೆ ಸ್ವಿಚ್ ಹಾಕಿದರಾಯ್ತು. ಒಂದೇ ಆದರೆ ಕೈಯೇ ಸ್ವಿಚ್: ಮೀಟುವ ಕೈಯನ್ನು ಅತ್ತ ಇತ್ತ ಸರಿಸಬೇಕು, ವಾಲ್ಯೂಮ್, ಟೋನ್ ತಿರುಗಿಸ್ತಾ ಇರಬೇಕು. ಒಂದೇ ಕಾವಲಿಯಲ್ಲಿ ನೀರುದೋಸೆಯನ್ನೂ ಉದ್ದಿನ ದೋಸೆಯನ್ನೂ ಎಬ್ಬಿಸುವವರಿಗೆ ಇದು ಬಿಡಿಸಿ ಹೇಳಬೇಕಾ ಮರಾಯ್ರೆ?

ಎಂಬತ್ತರ ದಶಕದಲ್ಲಿ ಅಣ್ಣ ಕಾರ್ಕಳ, ಕಾಪು ಕಡೆಯ ಮದುವೆಗಳಲ್ಲಿ ಆರ್ಕೆಸ್ಟ್ರಾಕ್ಕೆ ನುಡಿಸ್ತಿದ್ದ. ಪರದೇಶದ ಗಿಟಾರ್ ಸುಂಕ ಕಟ್ಟಿ ತರಿಸುವ ತಾಕತ್ತು ಯಾರಿಗಿತ್ತು? ಕಲ್ಕತ್ತೆಯಲ್ಲಿ ಮಾಡಿದ ಇದನ್ನು ಕೊಂಡ. ಕಾಪುವಿನ ಉಪ್ಪುಗಾಳಿಗೆ ಉಳಿದವರ ಗಿಟಾರಿನ ಸ್ವಿಚ್ಚೆಲ್ಲ ಕರಕರ ಅನ್ನುವಾಗ, "ನಂದ್ರಗೆ ಹಾಳಾಪುಕೆ ಸ್ವಿಚ್ಚೇ ಇಲ್ಲೆ ಕಾಣ್" ಅಂತ ನಗ್ತಿದ್ದ. ಆದರೆ ಸುಳ್ಳು ಹೇಳಬಾರದು. "ದುಡ್ಡ್ ಇದ್ದಿದ್ರೆ ಎರಡ್ ಇಪ್ದೇ ತಕಂತಿದ್ದೆ" ಅಂತಲೂ ಒಂದು ಸಲ ಹೇಳಿದ್ದ. ಹಾಗಾಗಿ, ಅಪ್ಪ ಒಂದೇ ಪಿಕಪ್ಪನ್ನು ಪ್ರೀತಿಯಿಂದ ಆರಿಸಿಕೊಂಡಿದ್ದ ಅಂತ ಅವಳ ಹತ್ತಿರ ಹೇಳುವ ಧೈರ್ಯ ನಂಗೆ ಬರಲಿಲ್ಲ.

ಶನಿವಾರ ಬಂದಳು. ಗಿಟಾರನ್ನು ಬಟ್ಟೆಯಿಂದ ಒರೆಸಿ ಜಗಲಿಯ ಬೆಳಕಿಗೆ ಹಿಡಿದೆ. ಕುತ್ತಿಗೆ ಮುಗಿಯುವಲ್ಲಿ, ತಂತಿಯ ಬದಿಗೆ, ಬಣ್ಣ ಸವೆದು ಮರ ಕಾಣ್ತಿತ್ತು. ಪಿಕಪ್ ಇದ್ದದ್ದು ಆಚೆ, ಬ್ರಿಡ್ಜಿನ ಹತ್ತಿರ. ಗುಂಡಗಿನ ಸ್ವರ ಬೇಕಾದಾಗೆಲ್ಲ ಅವನ ಕೈ ಇಲ್ಲಿಗೆ ಬರ್ತಿತ್ತು. "ಅವ್ರ್ ಕೊರೂದು ಎಲ್ಲಿ?" ಕೇಳಿದೆ. ಅವಳು ಬೆರಳಿಟ್ಟದ್ದು ಸರೀ ಅದೇ ಜಾಗಕ್ಕೆ.

"ಗಿಟಾರ್ ನಿಂದ್, ನೀನೇ ಕಾಣ್" ಅಂದೆ.

ತುಂಬ ಹೊತ್ತು ಮಾತಾಡಲಿಲ್ಲ. ಆಮೇಲೆ ತೊಡೆ ಮೇಲಿಟ್ಟು, ಸವೆದಲ್ಲೇ ಕೈಯೂರಿ ಮೀಟಿದಳು. ತುಕ್ಕು ಹಿಡಿದ ತಂತಿ ಒಂದು ಪಟ್ಟನೆ ಕಡಿಯಿತು.

"ಅತ್ತೆ, ಸದ್ಯಕ್ಕೆ ತಂತಿ ಮಾತ್ರ ಬದ್ಲ್ ಮಾಡ್ತೆ" ಅಂದಳು.